ಒಂದು ಒರಳು, ಎರಡು ಒನಕೆ

ಬಳ್ಳಾರಿಯ ರೇಡಿಯೋ ಪಾರ್ಕಿನಲ್ಲಿ ನನ್ನ ಅಂಗಡಿ.
ಹೆಸರು ಕೇಳಿ ಜನ ಹಳೇ ಹಾಡಿನ ಪೆಟ್ಟಿಗೆ ತರುತ್ತಾರೆ.
ನಾನು ಬಿಚ್ಚುವುದು ವಾಕಿಟಾಕಿ:
ಗಣಿಯವರದು, ಕಾರ್ಖಾನೆಯವರದು, ಗೇಟು ಕಾಯುವವರದು,
ಎಲ್ಲದರ ಹೊಟ್ಟೆಯಲ್ಲೂ ಅದೇ ಕೆಂಪು ಧೂಳು.

ಗೋಡೆಯಾಚೆ ಶಾಕಿರಾಬಿ ಜೀನ್ಸ್ ಹೊಲಿಯುತ್ತಾಳೆ.
ಸೂಜಿ ಮುರಿದರೆ ಹುಡುಗನನ್ನು ಓಡಿಸುತ್ತಾಳೆ,
‘ಹದಿನೆಂಟು ನಂಬರ್’ ಅಂದರೆ ಸಾಕು,
ಯಾವ ಕಂಪನಿ ಅಂತ ಯಾರೂ ಕೇಳುವುದಿಲ್ಲ.
ನನ್ನ ಮೇಜಿನ ಮೇಲೆ ಮಾತ್ರ
ಈ ಸೆಟ್ಟಿಗೆ ಆ ಬ್ಯಾಟರಿ ಕೂರದು,
ಆ ಸೆಟ್ಟಿನ ಮಾತು ಈ ಸೆಟ್ಟಿಗೆ ಬರೀ ಗೊರಗೊರ.
ಅತ್ತೆ ಸೊಸೆ ಮಾತು ಬಿಟ್ಟ ಮನೆ.

ತೋರಣಗಲ್ಲಿನ ದಾರಿಯಲ್ಲಿ, ಹೆಸರು ಬೇಡ, ಒಂದು ಕಾರ್ಖಾನೆ.
ಮಾರ್ಚಿನ ಮಧ್ಯಾಹ್ನ ಕನ್ವೇಯರ್ ಬೆಲ್ಟಿಗೆ ಬೆಂಕಿ.
ಒಳಗಿನವರ ಕೈಯಲ್ಲಿ ಕಪ್ಪು ಸೆಟ್ಟು,
ಊರಿಂದ ಬಂದ ಅಗ್ನಿಶಾಮಕದವರ ಹೆಗಲಲ್ಲಿ ಹಳದಿ.
ಎರಡೂ ದುಬಾರಿ. ಎರಡೂ ಚಾಲೂ.
ಎರಡರಲ್ಲೂ ಜನ ಕೂಗುತ್ತಿದ್ದಾರೆ,
ನಡುವೆ ನೂರೈವತ್ತು ಮಾರು ನೆಲ
ಕಿವುಡು.

ಆಗ ಓಡಿದವನು ಗಾದಿಲಿಂಗ,
ಪಂಪು ಮನೆಯ ಹೆಲ್ಪರು, ಹತ್ತೊಂಬತ್ತರ ಹುಡುಗ.
‘ನೀರು ಬಿಡ್ರಿ’ ಅನ್ನುವುದನ್ನು ಬಾಯಲ್ಲಿಟ್ಟುಕೊಂಡು ಹೋದ,
‘ಪ್ರೆಶರ್ ಇಳಿಸ್ರಿ’ ಅನ್ನುವುದನ್ನು ಹೊತ್ತು ಬಂದ.
ಹನ್ನೊಂದು ಸಲ.
ಹನ್ನೆರಡನೆಯದು ‘ಹಿಂದಕ್ಕ ಸರೀರಿ’, ಎರಡೇ ಮಾತು,
ಉಸಿರು ಸಾಲದೆ ನಡುದಾರಿಯಲ್ಲಿ ಕೂತುಬಿಟ್ಟಿತು.
ಬೆಲ್ಟು ಹರಿದು ಬಿದ್ದಾಗ ಮೂವರ ಕೈ ಬೆಂದವು.
ಜೀವ ಉಳಿಯಿತು.
ಉಳಿಯಿತೆಂದೇ ಕಡತದಲ್ಲಿ ‘ಅಲ್ಪ ಹಾನಿ’.

ಕಂಪನಿಯ ಮನುಷ್ಯ ಬಂದ, ಇಸ್ತ್ರಿ ಮುರಿಯದ ಅಂಗಿ.
‘ಎರಡನ್ನೂ ಮಾತಾಡಿಸಬಹುದು,
ನಮ್ಮದೊಂದು ಪೆಟ್ಟಿಗೆ ಕೊಂಡರೆ.’
ಪೆಟ್ಟಿಗೆಗೆ ಬೀಗ. ಬೀಗಕ್ಕೆ ವರ್ಷ ವರ್ಷ ಬಾಡಿಗೆ.
ಮೂಲೆಯಿಂದ ಗಾದಿಲಿಂಗ ಅಂದ:
‘ನಾನೂ ಅದನ್ನ ಮಾಡಿದ್ನಲ್ರೀ,
ನನಗ ದಿನಕ್ಕ ನಾನೂರೈವತ್ತು.’

ಮುಂದಿನ ಟೆಂಡರು ಬರೆಯುವಾಗ ನನ್ನನ್ನೂ ಕರೆದರು.
ಮಗಳ ಫೋನಿನಲ್ಲಿ ನಾನಾಗಲೇ ಓದಿದ್ದೆ
ಯಾರು ಬೇಕಾದರೂ ತೆರೆದು ನೋಡಬಹುದಾದ ಆ ಕಟ್ಟಳೆ,
ಅರ್ಧ ಇಂಗ್ಲಿಷು ತಿಳಿದು, ಅರ್ಧ ತಡವರಿಸಿ.
ಒಂದೇ ಅಲೆಯನ್ನು ಇಬ್ಬರು ಹಂಚಿಕೊಳ್ಳುವ ಬಗೆ ಅದರಲ್ಲಿದೆ:
ಮೂವತ್ತು ಮಿಲಿಸೆಕೆಂಡು ನಿನ್ನದು,
ಮುಂದಿನ ಮೂವತ್ತು ಅವಳದು,
ಮತ್ತೆ ನಿನ್ನದು.
ಓದುತ್ತ ಓದುತ್ತ ಅವ್ವ ಕಂಡಳು, ಎದುರಿಗೆ ಚಿಗವ್ವ,
ಒಂದು ಒರಳು, ಎರಡು ಒನಕೆ,
ಒಂದಕ್ಕೊಂದು ತಾಗದೆ ಏಳುತ್ತ ಬೀಳುತ್ತ.
ಈ ಒನಕೆ ಯಾವ ಬಡಗಿ ಮಾಡಿದ್ದೆಂದು
ಒರಳು ಕೇಳಿದ್ದು ನಾನು ಕಾಣೆ.

ಸಭೆಯಲ್ಲಿ ಇಷ್ಟು ಚೆಂದ ಹೇಳಲಾಗಲಿಲ್ಲ.
‘ಯಾರ ಸೆಟ್ಟಾದರೂ ಇರಲಿ ಸಾರ್,
ಪರರ ಸೆಟ್ಟಿನ ಜೊತೆ ಮಾತಾಡಿ ತೋರಿಸಲಿ, ಆಮೇಲೆ ಚೆಕ್ಕು.’
ಬೆವರಿದೆ. ಬರೆದುಕೊಂಡರು.

ನಿನ್ನೆ ಪರೀಕ್ಷೆ. ಬೇರೆ ಕಂಪನಿ, ಬೇರೆ ಬಣ್ಣ.
ಬೆಲ್ಟಿನ ಆ ತುದಿಗೆ ಗಾದಿಲಿಂಗ, ಈ ಗೇಟಿಗೆ ನಾನು.
‘ಟೆಸ್ಟಿಂಗ್, ಒನ್, ಟೂ’ ಅನ್ನಬೇಕೆಂದು
ಸಾಹೇಬರು ಹೇಳಿಕೊಟ್ಟಿದ್ದರು.
ಅವನು ಗುಂಡಿ ಒತ್ತಿ ಸುಮ್ಮನೆ ನಿಂತ.
ಮೊದಲು ಕೇಳಿದ್ದು ಉಸಿರು,
ಓಡಿ ಬಂದದ್ದಲ್ಲ, ನಿಂತವನದು.
ಆಮೇಲೆ:
‘ಎರ್ರಿಸ್ವಾಮಣ್ಣಾ, ಊಟಾತಾ?’

ಚಾರ್ಜರು ಮಾತ್ರ ಇನ್ನೂ ಬೇರೆ ಬೇರೆ.
ಮೇಜಿನ ಕೆಳಗೆ ಹದಿನೇಳು ಬಿದ್ದಿವೆ,
ಒಂದರ ಬಾಯಿ ಇನ್ನೊಂದಕ್ಕಿಲ್ಲ.
ಎಸೆಯಲು ಮನಸ್ಸಿಲ್ಲ.
ಫ್ಯಾನು ನಿಂತಿತು. ಹೊಲಿಗೆಯ ಸದ್ದೂ ನಿಂತಿತು.
ಗೋಡೆಯಾಚೆಯಿಂದ ಶಾಕಿರಾಬಿ ಕೂಗುತ್ತಾಳೆ,
‘ನಿಂದೂ ಹೋಯ್ತಾ ಕರೆಂಟು?’
ಹೋಯ್ತು ಅಂತ ಕೂಗುತ್ತೇನೆ.