ಗೊರಸು

ತಕ್ಕಡಿಯ ಕೊಕ್ಕೆಗೆ ಮೊದಲು ಬೀಳುವುದು ಬಕೋಲಿಯ ಮೂಟೆ.
ಬೆಳಕು ಹರಿಯುವ ಮುಂಚೆಯೇ ಬದುವಿಗಿಳಿದವಳು,
ಹೆಬ್ಬೆರಳ ಉಗುರು ಹಸಿರು, ಮೀನಖಂಡದಲ್ಲಿ ಎರಡು ಜಿಗಣೆ.
ಒಂದನ್ನು ಕಿತ್ತಳು. ಇನ್ನೊಂದು ಕುಡಿಯಲಿ ಬಿಡು,
ಅದಕ್ಕೂ ಬೆಳಗಿನ ಹೊತ್ತು ಏನಾದರೂ ಬೇಡವೆ, ಅಂದಳು.

ಹಸಿ ಹತ್ತು ಕಿಲೋ ಒಣಗಿದರೆ ಎರಡು.
ನಾವು ದುಡ್ಡು ಕೊಡುವುದು ಒಣಗಿದ್ದಕ್ಕೆ.
ನೀರಿನ ಲೆಕ್ಕ ಬಿಸಿಲು ಬರೆದುಕೊಳ್ಳುತ್ತದೆ,
ಮಿಕ್ಕಿದ್ದನ್ನು ನಾನು,
ಮೊರಮಂಗ ದಾಟಿ ಹನ್ನೊಂದು ಕಿಲೋಮೀಟರು, ತಗಡಿನ ಚಪ್ಪರದಡಿ,
ನೀಲಿ ಗೆರೆಯ ನೋಟುಬುಕ್ಕಿನಲ್ಲಿ.

ತಾಲಪೆತ್ರಕ ಅನ್ನುತ್ತೇವೆ ಈ ಒಂದೆಲಗಕ್ಕೆ.
ಒಂದೇ ಎಲೆ, ಒಂದೇ ಕಾಲು,
ಕರುವೊಂದು ಈ ದಾರಿಯಲ್ಲಿ ನಡೆದುಹೋಗಿ
ಗೊರಸನ್ನಷ್ಟೇ ಹಸಿರಾಗಿ ಬಿಟ್ಟ ಹಾಗೆ.
ನೆನಿಬೇ, ಅಂದರೆ ನನ್ನಜ್ಜಿ, ಇದನ್ನು ಜಜ್ಜಿ ಹುಣ್ಣಿಗೆ ಕಟ್ಟುವಳು.
ಊರಾಚೆಯ ಗುಡಿಸಲಲ್ಲಿ ಬೆರಳಿಲ್ಲದ ಒಬ್ಬನಿದ್ದನಂತೆ,
ಅವನ ಹೆಸರು ಯಾರ ಬಾಯಲ್ಲೂ ಇರಲಿಲ್ಲವಂತೆ,
ಅಜ್ಜಿ ಮಾತ್ರ ಬಾಗಿಲಲ್ಲಿ ಎಲೆಯಿಟ್ಟು
ರೈನಿವೆಲು, ಓ ರೈನಿವೆಲು, ಎಂದು ಕೂಗಿ ಬರುತ್ತಿದ್ದಳಂತೆ.
ಗಾಯ ಮಾಯಿತೋ ಇಲ್ಲವೋ ಅವಳು ಹೇಳಿದ್ದಿಲ್ಲ.

ಹೋದ ಮಂಗಳವಾರ ಕಂಪನಿಯಾಕೆ ಬಂದಿದ್ದಳು, ಮದಾಂ ಸೊಲೆನ್.
ರಬ್ಬರು ಬೂಟಿಗೆ ಇನ್ನೂ ಅಂಗಡಿಯ ವಾಸನೆ.
ಒಳ್ಳೆಯವಳೇ. ಜಿಗಣೆಗೆ ಚೀರಲಿಲ್ಲ.
ಎಲೆ ಹಿಸುಕಿ ಮೂಗಿಗೆ ಹಿಡಿದಳು, ತೇವ ಅಳೆದಳು,
ಹೋಗುವಾಗ ನನ್ನ ಅಂಗೈಯಲ್ಲಿ ಒಂದು ಟ್ಯೂಬು ಇಟ್ಟಳು:
ನೋಡಿ, ನಿಮ್ಮ ಎಲೆ ಕೊನೆಗೆ ಆಗುವುದು ಇದೇ.

ಸಂಜೆ ಹೊಳೆಯಂಚಿಗೆ ಹೆಂಗಸರು ಸುತ್ತುಗಟ್ಟಿದರು. ಓದು, ಅಂದರು.
ಓದಿದೆ. ಕಾಫಿ ಬೀಜದ ಸತ್ವ. ಐವಿ ಬಳ್ಳಿ. ಕಡಲ ಪಾಚಿ.
ಕುದುರೆಯ ಹೆಸರಿನ ಯಾವುದೋ ಮರದ ಕಾಯಿ.
ಆಮೇಲೆ, ಸಣ್ಣ ಅಕ್ಷರದಲ್ಲಿ, ನಾವು.

ಯಾವ ಹುಣ್ಣಿಗೆ? ಎಂದಳು ಬಕೋಲಿ.
ಹುಣ್ಣಿಗಲ್ಲ.
ಸುಟ್ಟದ್ದಕ್ಕೆ? ಅಲ್ಲ.
ಬಾಣಂತಿಗೆ? ಅಲ್ಲ.
ತೊಡೆಗೆ, ಅಂದೆ. ತೊಡೆಯ ಹಿಂದೆ ತಗ್ಗು ಬೀಳುತ್ತವಲ್ಲ,
ಕಿತ್ತಳೆ ಸಿಪ್ಪೆಯ ಹಾಗೆ. ಸೆಲ್ಯುಲಿತ್ ಅನ್ನುತ್ತಾರೆ.
ನೋಯುತ್ತದೆಯೆ? ಇಲ್ಲ.
ಕೀವಾಗುತ್ತದೆಯೆ? ಇಲ್ಲ.
ಮತ್ತೆ?
ಕಾಣುತ್ತದೆ, ಅಂದೆ.

ಯಾರೂ ಮಾತಾಡಲಿಲ್ಲ. ಹೊಳೆ ಕೂಡ ಕಿವಿಗೊಟ್ಟ ಹಾಗಿತ್ತು.
ಆಮೇಲೆ ಏಳು ಹೆತ್ತ ಹರಿನೋರೊ, ನೀರಿಗಿಳಿದವಳು,
ಮೇಲುದವನ್ನು ಸೊಂಟದವರೆಗೆ ಎತ್ತಿ ತಿರುಗಿ ನಿಂತಳು:
ನೋಡ್ರೇ, ನನಗೆ ರೋಗ ಬಂದಿದೆ!
ನಗು. ನಗುನಗುತ್ತಲೇ ಒಬ್ಬೊಬ್ಬರೂ ತಿರುಗಿದರು,
ತೆಳ್ಳಗಿದ್ದವಳಿಗೂ, ಮೊನ್ನೆ ಮದುವೆಯಾದ ಹುಡುಗಿಗೂ
ಇತ್ತು, ಅಲ್ಲಲ್ಲಿ, ಸಂಜೆಯ ಓರೆ ಬೆಳಕಲ್ಲಿ.

ನಾಟಿಗೆ ಮುಂಚೆ ಡುಬ್ಬದೆತ್ತುಗಳನ್ನು ಗದ್ದೆಗೆ ಅಟ್ಟುತ್ತೇವೆ,
ಕೂಗಿ, ಸಿಳ್ಳೆ ಹಾಕಿ, ಕೆಸರು ತುಳಿಸುತ್ತೇವೆ.
ಗೊರಸು ಊರಿದಲ್ಲೆಲ್ಲ ನೀರು ನಿಲ್ಲುತ್ತದೆ,
ನೀರು ನಿಂತಲ್ಲೆಲ್ಲ ಅಂಗೈಯಷ್ಟು ಆಕಾಶ.
ತುಳಿಯದ ಗದ್ದೆಗೆ ಸಸಿ ಊರಿದವರುಂಟೇನೇ,
ಎಂದು ಹರಿನೋರೊ ತನ್ನ ತೊಡೆಗೆ ತಾನೇ ಚಪ್ಪಳಿಸಿಕೊಂಡಳು,
ಎತ್ತಿನ ಬೆನ್ನು ತಟ್ಟುವ ಹಾಗೆ.

ಟ್ಯೂಬು ಕೈಯಿಂದ ಕೈಗೆ ಹೋಯಿತು.
ಬಕೋಲಿ ಒಡೆದ ಹಿಮ್ಮಡಿಗೆ ಸವರಿದಳು,
ಒಬ್ಬಳು ಮಗುವಿನ ಸೊಳ್ಳೆ ಕಡಿತಕ್ಕೆ.
ಬೆನ್ನ ಮೇಲಿನ ಚೀಟಿಯಲ್ಲಿ ಬೆಲೆ ಇತ್ತು. ಎಲ್ಲವನ್ನೂ ಓದಿದ ನಾನು
ಅದೊಂದನ್ನು ಓದಲಿಲ್ಲ. ಮೂಟೆಯ ಲೆಕ್ಕಕ್ಕಿಳಿಸಿದ್ದೆ, ಮನಸ್ಸಿನಲ್ಲೇ,
ಮತ್ತೆ ಅಳಿಸಿದ್ದೆ.

ಇನ್ನೊಂದನ್ನೂ ಹೇಳಲಿಲ್ಲ ಅವರಿಗೆ.
ರಾತ್ರಿ ದೀಪವಾರಿಸಿ, ಬಾಗಿಲು ಹಾಕಿ,
ಟ್ಯೂಬಿನ ಬುಡ ಸುರುಳಿ ಸುತ್ತಿ ಹಿಂಡಿದೆ.
ಕಡಲೆಕಾಳಷ್ಟು ಬಂತು. ತಣ್ಣಗಿತ್ತು.
ಯಾವುದೋ ಹೂವಿನ ವಾಸನೆ, ನಮ್ಮ ಎಲೆಯದಲ್ಲ.
ತೊಡೆಯ ಹಿಂದೆ ಬೆರಳಾಡಿಸಿದೆ, ಮೇಲಕ್ಕೆ, ಸುತ್ತಲೂ,
ಚಿತ್ರದಲ್ಲಿ ತೋರಿಸಿದ ಹಾಗೆ.
ಇಷ್ಟು ದಿನ ಎಣಿಸದೆ ಇದ್ದದ್ದನ್ನು
ಕತ್ತಲಲ್ಲಿ ಎಣಿಸಿದೆ.

ಬೆಳಗ್ಗೆ ಬಕೋಲಿ ಎಲ್ಲರಿಗಿಂತ ಮುಂಚೆ.
ಹಿಮ್ಮಡಿ ಹೇಗಿದೆ, ಕೇಳಿದೆ.
ಹಾಗೇ ಇದೆ, ಅಂದಳು. ನಿನ್ನದು?
ನಾನು ತಕ್ಕಡಿಯ ಮುಳ್ಳು ನೋಡಿದೆ.
ಎರಡು ಕಿಲೋ ನೂರು, ಅಂದೆ. ಬರೆದುಕೊಂಡೆ.