ಮೂರನೇ ಅಕ್ಷರ

ಸಾಂಬಾರಿನ ದೊಡ್ಡ ಪಾತ್ರೆ ಬೇಕು ಕೊಟ್ರಮ್ಮ, ಅಂದ್ರು
ಗಿರಿಜಾಂಬ ಮೇಡಂ. ಇವತ್ತು ಚಿತ್ರಾನ್ನ ಮಾಡಿಬಿಡು.
ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ಎರಡು ಸಲ ತೊಳೆದೆ.
ತಳದ ಅಂಚಿಗೆ
ನಾಲ್ಕು ವರ್ಷದ ಬೇಳೆ ಕಚ್ಚಿಕೊಂಡೈತಿ,
ಅದು ಯಾರಪ್ಪನಿಗೂ ಬಿಡಂಗಿಲ್ಲ.

ಇಂಗ್ಲಿಷ್ ಮೀಡಿಯಂ ಬಂದೈತಿ ನಮ್ಮ ಸಾಲಿಗೆ,
ಆವರಗೆರೆ ಆಚೆ, ಬೈಪಾಸಿನ ಧೂಳು ಕುಂತ ಸಾಲಿಗೆ.
ಮೂವತ್ತು ಸೀಟು, ಎಪ್ಪತ್ನಾಲ್ಕು ಅರ್ಜಿ.
ಮೂವತ್ತೊಂದು ಯಾಕೆ ಬ್ಯಾಡ ಅಂತ ಕೇಳಿದ್ದಕ್ಕೆ
ಬಿಇಓ ಆಫೀಸಿನವರು
ಅದೇ ಕಾಗದ ಇನ್ನೊಂದು ಸಲ ಓದಿದ್ರು.

ತಿಂಗಳಿಂದ ಇದೇ ಜಗಳ.
ಕನ್ನಡ ಸಾಯ್ತತಿ ಅಂದ್ರು ಹಾಲಪ್ಪ ಮೇಷ್ಟ್ರು.
ಅವರ ಮಗ ಹೋಗೋ ಹಳದಿ ಬಸ್ಸು
ದಿನಾ ಗೇಟಿನ ಮುಂದೆ ಹಾದು ಹೋಗ್ತತಿ,
ಆ ಹೊತ್ತಿಗೆ ಮೇಷ್ಟ್ರು ಬೋರ್ಡು ಒರೆಸ್ತಿರ್ತಾರೆ.
ನಸೀಮಾ ಅಂದ್ಲು: ಯಾವುದೂ ಸಾಯದು ಬ್ಯಾಡ,
ನಮ್ಮನಿಯಾಗೆ ಈಗಲೇ ಎರಡು ಮಾತು ಅದಾವು,
ಮೂರನೇದು ಬಂದ್ರೆ ಚಾಪೆ ಹಾಸ್ತೀವಿ.
ಎಸ್‌ಡಿಎಂಸಿ ಅಂಜಿನಪ್ಪ ಮೊದಲು ಕನ್ನಡದ ಕಡೆ,
ಆಮೇಲೆ ಇಂಗ್ಲಿಷಿನ ಕಡೆ, ಕೊನೆಗೆ
ಚೀಟಿ ಎತ್ತೋಣ ಅಂದ.
ಚೀಟಿಗೆ ಯಾರೂ ಬೈಯಂಗಿಲ್ಲ ನೋಡ್ರಿ.

ಮಂಡಕ್ಕಿ ಭಟ್ಟಿ ಬಿಟ್ಟು ಬಂದಿದ್ರು ಮಂದಿ,
ತಲೆಗೂದಲಿನಾಗೆ ಇನ್ನೂ ಭತ್ತದ ಹೊಟ್ಟು.
ಎರಡನೇ ಕ್ಲಾಸಿನ ಸಿಂಚನಾಗೆ
ಸ್ಕೌಟಿನ ಸ್ಕಾರ್ಫು ಕಣ್ಣಿಗೆ ಕಟ್ಟಿ ನಿಲ್ಲಿಸಿದ್ರು.
ಗಿಡ್ಡ ಹುಡುಗಿ, ಪಾತ್ರೆಯಾಗೆ ಭುಜದವರೆಗೂ ಇಳಿದ್ಲು,
ಬಾವಿಯಿಂದ ಕೊಡ ಎತ್ತಿದಂಗೆ ಒಂದೊಂದೇ ಎತ್ತಿದ್ಲು.
ಹೆಸರು ಬಂದ ತಾಯಿ ನಗಲಿಲ್ಲ.
ಅಲ್ಲಿತನಕ ಪಕ್ಕದಾಕೆಯ ಕೈ ಹಿಡಕೊಂಡಿದ್ಲು,
ಈಗ ಬಿಡೋದು ಹೆಂಗೆ ಅಂತ
ಇಬ್ಬರಿಗೂ ಗೊತ್ತಾಗಲಿಲ್ಲ.

ಮೂವತ್ತಾತು. ಕುರ್ಚಿ ಮಡಚಿದ್ರು.
ಉಳಿದ ಚೀಟಿ ಗೋಣಿಚೀಲಕ್ಕೆ ಸುರಿದ್ರು,
ಎಣಿಸೋರು ಯಾರು.
ನನಗೂ ಪಾತ್ರೆ ಬೇಕಿತ್ತು, ನಾಳೆ ಕುಂಬಳಕಾಯಿ.

ಸಂಜೆ ನಲ್ಲಿ ಕೆಳಗೆ ಬೋರಲು ಹಾಕಿ
ಉಗುರಿನಿಂದ ಕೆರೆದಾಗ ಸಿಕ್ಕಿತು,
ಬೇಳೆಗೆ ಅಂಟಿಕೊಂಡ ಒಂದು ಚೀಟಿ.
ಅದು ಸೋಲಲಿಲ್ಲ, ಗೆಲ್ಲಲಿಲ್ಲ,
ಆಟಕ್ಕೇ ಇಳೀಲಿಲ್ಲ.

ಕನ್ನಡದಾಗೆ ಬರೆದಿದ್ರೆ ಓದ್ತಿದ್ದೆ.
ರಾತ್ರಿ ಸಾಲಿಯಾಗೆ ಕಲ್ತಾಕೆ ನಾನು,
ಬಸ್ಸಿನ ಬೋರ್ಡು, ರೇಷನ್ ಕಾರ್ಡು,
ಸತ್ತೋರ ಫ್ಲೆಕ್ಸು, ಎಲ್ಲಾ ಓದ್ತೀನಿ.
ಇದು ಕಂಪ್ಯೂಟರಿನಾಗೆ ಹೊಡೆದ ಇಂಗ್ಲಿಷು.
ಗೊತ್ತಿದ್ದ ಅಕ್ಷರ ಒಂದೇ.
ಕಳ್ಳರು ಒಯ್ಯಬಾರದು ಅಂತ ಪಾತ್ರೆ ಮೇಲೆ
ಸಾಲಿ ಹೆಸರು ನಾಲ್ಕು ಬಿಳಿ ಅಕ್ಷರದಾಗೆ ಬರೆಸ್ಯಾರೆ,
ಮೂರನೇದು ‘ಪ’ ಅಂತ ಹುಡುಗರು ಹೇಳ್ಯಾವು.
ಚೀಟಿ ಅದರಿಂದಲೇ ಶುರು.
ಆಮೇಲಿನದೆಲ್ಲಾ ನೀರು ಕುಡಿದು ಕಪ್ಪು ಕಲೆ.

ಮೇಡಂಗೆ ತೋರಿಸಿದ್ರೆ ಮತ್ತೆ ಜಗಳ.
ತೋರಿಸದಿದ್ರೆ, ಅದು ನಂದು.
ಅಕ್ಕಿ ಡಬ್ಬಿ ಹಿಂದೆ ಒಣಗಾಕಿದೀನಿ.

ಒಂದನೇ ಕ್ಲಾಸಿನ ಕನ್ನಡದ ಸಾಲಿನಾಗೆ
‘ಪ’ದವು ಮೂರು ಅದಾವು:
ನಸೀಮಾನ ಮಗಳು ಪರ್ವೀನ್,
ಪಂಕ್ಚರ್ ಅಂಗಡಿಯ ಪೂರ್ವಿ,
ಪಾಲಾಕ್ಷ, ಅವನ ಅವ್ವ ಅವತ್ತು ಭಟ್ಟಿಯಿಂದ ಬರಲಿಲ್ಲ.
ಮಧ್ಯಾಹ್ನ ತಟ್ಟೆ ಹಿಡಕೊಂಡು ಬಂದವು.
ಮೂರಕ್ಕೂ ಒಂದೊಂದು ಸೌಟು ಹೆಚ್ಚಿಗೆ ಬಿಟ್ಟೆ,
ಯಾರದು ಅಂತ ಗೊತ್ತಿಲ್ಲದ್ದಕ್ಕೆ.

ಪರ್ವೀನ್ ತಟ್ಟೆ ನೋಡಿದ್ಲು, ನನ್ನ ನೋಡಿದ್ಲು.
ಪಾಲಾಕ್ಷ ಅಂದ: ಅಜ್ಜಿ,
ನನಗೆ ಕುಂಬಳಕಾಯಿ ಬ್ಯಾಡ,
ತೆಗಿ.