ಸಾಲುಗಲ್ಲಿನ ಬ್ಯಾಣ

ಮಲೆನಾಡೆಂದರೆ ಹಸಿರು ಅನ್ನುವವರು
ಹೋಳಿ ಹುಣ್ಣಿಮೆ ಕಳೆದ ಮೇಲೆ ಈ ಬ್ಯಾಣ ಹತ್ತಿದವರಲ್ಲ.
ಕರಡದ ಹುಲ್ಲು ಸುಟ್ಟು ಕರಿ,
ಅದರಡಿ ಜಂಬಿಟ್ಟಿಗೆ ನೆಲ, ತೂತು ತೂತು, ಕಾದ ಕಾವಲಿ.
ಹೊಸನಗರದ ಬಸ್ಸಿಳಿದು ಮೂರು ಮೈಲಿ.
ಮೊದಲ ಮೈಲಿಗೇ ಎಡಮಂಡಿ
ತಕರಾರು ಅರ್ಜಿ ಕೊಟ್ಟಿತು.

ಮುಂದೆ ದ್ಯಾವಮ್ಮ. ತಲೆಯ ಮೇಲೆ ಸಿಂಬೆ, ಸೊಂಟಕ್ಕೆ ಕತ್ತಿ.
ದರಗು ಗುಡಿಸಲು ಹೊರಟವಳು ದಾರಿ ತೋರುತ್ತೇನೆಂದಳು.
"ಕಲ್ಲು ನೋಡಕ್ಕೆ ಯಾರ್ಯಾರೋ ಬರ್ತಾರೆ ಸ್ವಾಮಿ.
ಹೋದ್ವರ್ಷ ಒಬ್ರು ದಿಕ್ಸೂಚಿ ಹಿಡ್ಕಂಡು ಮೂರು ದಿನ ಇದ್ರು.
ಕಲ್ಲಿಗೇ ಬೇಜಾರಾಗಿರ್ಬೇಕು."

ನಾನು ಬರುತ್ತಿರುವುದು ಎರಡನೇ ಸಲವೆಂದು ಹೇಳಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆ. ಇಪ್ಪತ್ತಾರರ ಮೋಜಣಿದಾರ ನಾನು,
ಹದಿನಾರು ಆಣೆಯ ಸರಪಳಿ, ಇಬ್ಬರು ಆಳು, ಒಂದು ಹೂಜಿ ನೀರು.
ಕಲ್ಲುಗಳು ಇಪ್ಪತ್ತೊಂದು ನಿಂತಿದ್ದವು, ನಾಲ್ಕು ಮಲಗಿದ್ದವು.
ಆಳೆತ್ತರ, ಆಳೂವರೆ, ತೆಳ್ಳಗೆ, ಒಂದೂ ಉಳಿ ಕಂಡಿದ್ದಲ್ಲ.
ಯಾವ ಗುಡ್ಡದ ಹಾಸಿನಿಂದ ಎಬ್ಬಿಸಿದರೋ,
ಎಳೆದವರ ಹಗ್ಗ ಯಾವ ನಾರಿನದೋ,
ಹಿಂದೆ ಉಳಿದ ಮಕ್ಕಳಿಗೆ ಏನೆಂದು ಹೇಳಿ ಬಂದಿದ್ದರೋ,
ಅಂದು ನಾನು ಕೇಳಲಿಲ್ಲ. ನನಗೆ ಬೇಕಿದ್ದದ್ದು ಒಂದು ಬಾಂದು.
ಎರಡು ಸರ್ವೆ ನಂಬರು ಕೂಡುವ ಮೂಲೆಗೆ
ಸರ್ಕಾರದ ಕಲ್ಲು ನೆಡಬೇಕು, ಕಲ್ಲಿನ ಗಾಡಿ ಬರಲಿಲ್ಲ,
ಹೊತ್ತು ಇಳಿಯುತ್ತಿತ್ತು.
ಎಲ್ಲಕ್ಕಿಂತ ಎತ್ತರದ್ದರ ಬಡಗು ಮೈಯಲ್ಲಿ
ಗೇಣುದ್ದದ ಬಾಣ ಕೆತ್ತಿಸಿದೆ, ಮೂಡಣಕ್ಕೆ ಮೂತಿ.
ಟಿಪ್ಪಣಿ ಪುಸ್ತಕದಲ್ಲಿ ಬರೆದೆ:
ಹಳೇ ಕಲ್ಲು ಒಂದು ಇದೆ, ಅದನ್ನೇ ಬಾಂದು ಎಂದು ಹಿಡಿದಿದೆ.
ಎಷ್ಟು ಹಳೇ ಎಂಬುದಕ್ಕೆ ಆ ಪುಸ್ತಕದಲ್ಲಿ ಕಲಂ ಇರಲಿಲ್ಲ.

ಈಗ ನಿಂತವು ಹದಿನೇಳು.
ಒಂದು ಮೋರಿಗೆ ಹಾಸಾಗಿದೆ, ಒಂದರ ಮೇಲೆ ಬಟ್ಟೆ ಒಗೆಯುತ್ತಾರೆ,
ಇನ್ನೆರಡರ ಸುದ್ದಿ ದ್ಯಾವಮ್ಮನಿಗೂ ತಿಳಿಯದು.
ಉಳಿದವುಗಳ ಮೈತುಂಬ ಊರು:
ಕತ್ತಿ ಮಸೆದ ಗೀರು, ಎಮ್ಮೆ ತುರಿಸಿ ನುಣ್ಣಗಾದ ಅಂಚು,
ಕಣ್ಣಿ ಸವೆಸಿದ ಕೊರಳು,
ಸುಣ್ಣದಲ್ಲಿ ಯಾರೋ ಬರೆದ 'ಚನ್ನವೀರ, ಪಿಯುಸಿ ಫೇಲ್'.
ಎಲ್ಲಕ್ಕೂ ಕೆಳಗೆ, ಕಲ್ಲು ನೆಲ ಸೇರುವಲ್ಲಿ,
ವಾಲದಿರಲೆಂದು ಒತ್ತಿದ ಮುಷ್ಟಿಗಾತ್ರದ ಚಕ್ಕೆಗಳು.
ಅವು ಕದಲಿಲ್ಲ.
ಮಂಡಿಯ ಮಾತು ಕೇಳದೆ ಬಗ್ಗಿ ಒಂದನ್ನು ಹಿಡಿದೆ.
ಅಂಗೈಗೆ ಅಳತೆ ತೆಗೆದಂತಿತ್ತು.

ಎತ್ತರದ ಕಲ್ಲಿನ ಹತ್ತಿರ ದ್ಯಾವಮ್ಮ ಚಪ್ಪಲಿ ಬಿಟ್ಟಳು.
ನನ್ನ ಬಾಣದೊಳಗೆ ಕುಂಕುಮ,
ಮೂತಿಯ ಗೀರಿಗೆ ಸಿಕ್ಕಿಸಿದ ಬಾಡಿದ ರಂಜೆ ಹೂವು.
"ಬಾಣದಪ್ಪ. ಪಾಂಡವರು ಹೊಡೆದದ್ದು ಅಂತಾರೆ.
ನಮ್ಮತ್ತೆ ಮಾತ್ರ ಹೇಳೋರು, ಮೊದ್ಲು ಇರ್ಲಿಲ್ಲ,
ಒಂದು ಬೇಸ್ಗೇಲಿ ತಾನಾಗೇ ಮೂಡ್ತು ಅಂತ.
ದನ ತಪ್ಪಿಸ್ಕಂಡ್ರೆ ಇಲ್ಲಿ ಹೂವಿಟ್ಟು
ಬಾಣ ತೋರ್ಸಿದ ದಿಕ್ಕಿಗೆ ಹುಡುಕ್ತೀವಿ."
"ಸಿಗ್ತವಾ?"
"ಕೆಲವು ಸಲ."

ಬಾಯಿಗೆ ಬಂತು. ನುಂಗಿದೆ.
ಮೂವತ್ತೈದು ವರ್ಷ ನಾನೆಳೆದ ಗೆರೆಗಳ ಮೇಲೆ
ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದಾರೆ,
ಬ್ಯಾಕೋಡಿನ ಕಡೆ ಒಬ್ಬನ ತಲೆ ಒಡೆದಿದೆ.
ದನ ಕೊಟ್ಟಿಗೆ ಸೇರಿದ್ದು ಇದೊಂದರಿಂದಲೇ.

ಅವಳು ಕಲ್ಲಿನ ಹಿಂಬದಿಗೆ ಹೋಗಿ
ಹಳೆಯ ಗೀರಿನಲ್ಲಿ ಕತ್ತಿ ಮಸೆಯತೊಡಗಿದಳು.
ನಾನು ನೆರಳು ನೋಡಿ ಬಾಣದ ದಿಕ್ಕು ಅಳೆದೆ, ಹೋಗದ ಚಟ.
ನೇರ ಮೂಡಣಕ್ಕಿಲ್ಲ ಅದು.
ಕಲ್ಲಿನ ಮೈಯೇ ತುಸು ತೆಂಕಕ್ಕೆ ತಿರುಗಿದೆ,
ಅಂದು ಸಂಜೆಯ ಬಸ್ಸಿನ ಅವಸರದಲ್ಲಿ
ಅರ್ಧ ಆಣೆಯಷ್ಟು ತಪ್ಪನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅದಕ್ಕೇ ಇರಬೇಕು, ಕೆಲವು ಸಲ.